ಕಲಾ ಮೇಷ್ಟ್ರ ಪ್ರದರ್ಶನ: ಚಿತ್ರ ಗೋಡೆಗೇರುವ ಮುನ್ನ

ಕಲೆ ಕಲಿಸುತ್ತಲೇ ಸ್ವಂತ ಚಿತ್ರ ಬರೆಯುವವರು ಬೆಂಗಳೂರಿನಲ್ಲಿ ಬಹಳ ಮಂದಿ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಂತೂ ಕಾಲೇಜು, ಗ್ಯಾಲರಿ ಎರಡನ್ನೂ ನಡೆಸುತ್ತದೆ. ಆದರೆ ಮೇಷ್ಟ್ರುಗಳ ಪ್ರದರ್ಶನ ಸೊರಗುವುದು ಹೆಚ್ಚಾಗಿ ಆಯ್ಕೆಯ ಹಂತದಲ್ಲೇ. ತರಗತಿಯಲ್ಲಿ ಜಲವರ್ಣ, ಎಚ್ಚಿಂಗ್ (ಲೋಹದ ಫಲಕ ಕೊರೆದು ತೆಗೆಯುವ ಅಚ್ಚುಚಿತ್ರ), ಭಾವಚಿತ್ರ ಎಲ್ಲವನ್ನೂ ಮಾಡಿ ತೋರಿಸಬೇಕಾಗುತ್ತದೆ. ಅವೆಲ್ಲ ಗ್ಯಾಲರಿಗೂ ಬಂದರೆ ಐದಾರು ಜನರ ಕೆಲಸ ನೋಡಿದ ಹಾಗಾಗುತ್ತದೆ. ವಿದ್ಯಾರ್ಥಿಗಳಿಗಾಗಿ ಮಾಡಿದ ಮಾದರಿಗಳನ್ನು, ಅವು ಎಷ್ಟೇ ಚೆನ್ನಾಗಿರಲಿ, ಮೊದಲೇ ಬದಿಗಿಡಿ. ಉಳಿದವುಗಳಲ್ಲಿ ಒಂದೇ ಹುಡುಕಾಟದ ಎಳೆ ಹಿಡಿದು ಆರಿಸಿ.

ಎಷ್ಟು ಚಿತ್ರ ಬೇಕೆಂಬುದನ್ನು ಗೋಡೆಯೇ ಹೇಳುತ್ತದೆ. ಗ್ಯಾಲರಿಗೆ ಹೋಗಿ ಟೇಪು ಹಿಡಿದು ಅಳೆಯಿರಿ. ಬಾಗಿಲು, ಸ್ವಿಚ್ ಬೋರ್ಡು, ಕಂಬ ಎಲ್ಲವನ್ನೂ ಗುರುತು ಹಾಕಿಕೊಳ್ಳಿ. 20 ಅಡಿ ಗೋಡೆಗೆ 30 ಇಂಚು ಅಗಲದ ನಾಲ್ಕು ಚಿತ್ರ ಹಾಕಿದರೆ 10 ಅಡಿ ಉಳಿಯುತ್ತದೆ. ಎರಡು ತುದಿ ಸೇರಿ ಐದು ಜಾಗಕ್ಕೆ ಹಂಚಿದರೆ ತಲಾ 2 ಅಡಿ. ಐದನೇ ಚಿತ್ರ ತುರುಕುವ ಆಸೆ ಬರುತ್ತದೆ, ಬೇಡ.

ಕಾಗದದ ಮೇಲಿನ ಕೆಲಸಕ್ಕೆ ಆಮ್ಲರಹಿತ ಮೌಂಟ್ ಬೋರ್ಡನ್ನೇ (ಚೌಕಟ್ಟಿನೊಳಗೆ ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು) ಕೇಳಿ ಹಾಕಿಸಿ. ಅಗ್ಗದ ಬೋರ್ಡು ಕೆಲವೇ ವರ್ಷಗಳಲ್ಲಿ ಕಾಗದದ ಅಂಚನ್ನು ಹಳದಿ ಮಾಡುತ್ತದೆ. ಗಾಜು ಚಿತ್ರಕ್ಕೆ ತಾಗಬಾರದು. ತಾಗಿದರೆ ಮಳೆಗಾಲದ ತೇವ ನಡುವೆ ಸಿಕ್ಕಿಕೊಂಡು ಬೂಷ್ಟು ಹಿಡಿಯುತ್ತದೆ. ಮೌಂಟಿನ ದಪ್ಪವೇ ಆ ಅಂತರ ಕೊಡುತ್ತದೆ. ಅಕ್ರಿಲಿಕ್, ತೈಲವರ್ಣದ ಕ್ಯಾನ್ವಾಸಿಗೆ ನೇರವಾಗಿ ಬಬಲ್ ರ‍್ಯಾಪ್ ಸುತ್ತಬೇಡಿ. ಬಿಸಿಲಲ್ಲಿ ನಿಂತ ಟೆಂಪೋದೊಳಗೆ ಬಣ್ಣ ಮೆತ್ತಗಾಗಿ ಗುಳ್ಳೆಗಳ ಅಚ್ಚು ಮೂಡುತ್ತದೆ. ಮೊದಲು ಗ್ಲಾಸಿನ್ ಎಂಬ ನುಣುಪಾದ ತೆಳು ಕಾಗದ ಸುತ್ತಿ, ಅದರ ಮೇಲೆ ಗುಳ್ಳೆಗಳು ಹೊರಮುಖವಾಗುವಂತೆ ಬಬಲ್ ರ‍್ಯಾಪ್ ಸುತ್ತಿ. ಇನ್ನೊಂದು ಮಾತು: ಜನವರಿಯ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ವಾಹನ ಸಂಚಾರ ಇರುವುದಿಲ್ಲ. ಸಾಗಣೆಗೆ ಬೇರೆ ದಿನ ನೋಡಿಕೊಳ್ಳಿ.

ತೂಗುಹಾಕುವಾಗ ಎಲ್ಲ ಚಿತ್ರಗಳ ನಡುಬಿಂದು ನೆಲದಿಂದ 58 ಇಂಚು ಎತ್ತರದಲ್ಲಿರಲಿ. ಮೇಲಂಚು ಸಮ ಮಾಡಲು ಹೋದರೆ ಚಿಕ್ಕ ಚಿತ್ರಗಳು ಸೂರಿಗೆ ಹತ್ತಿದಂತೆ ಕಾಣುತ್ತವೆ. ಹುಕ್ಕಿನ ಎತ್ತರದ ಲೆಕ್ಕ ಹೀಗೆ: 36 ಇಂಚು ಎತ್ತರದ ಚೌಕಟ್ಟಿನ ಅರ್ಧ 18, ಅದನ್ನು 58ಕ್ಕೆ ಕೂಡಿಸಿದರೆ 76. ಹಿಂದಿನ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಎಳೆದು ಹಿಡಿದಾಗ ಅದು ಮೇಲಂಚಿನಿಂದ 4 ಇಂಚು ಕೆಳಗಿದ್ದರೆ, 4 ಕಳೆದು 72 ಇಂಚಿಗೆ ಹುಕ್. ತಂತಿಯನ್ನು ಎಳೆಯದೆ ಅಳೆದರೆ ಲೆಕ್ಕ ತಪ್ಪುತ್ತದೆ, ಚಿತ್ರ ಕೆಳಗೆ ಕೂರುತ್ತದೆ. ದೊಡ್ಡ ಚೌಕಟ್ಟಿಗೆ ಎರಡು ಹುಕ್ ಹಾಕಿ, ಆಗ ದಿನ ಕಳೆದಂತೆ ವಾಲುವುದಿಲ್ಲ. ಕೊನೆಗೆ ರಸಮಟ್ಟ ಇಟ್ಟು ನೋಡಿ.

ದೀಪವನ್ನು ಲಂಬದಿಂದ ಸುಮಾರು 30 ಡಿಗ್ರಿ ಓರೆಯಾಗಿ ತಿರುಗಿಸಿ. ಹೆಚ್ಚು ಓರೆಯಾದರೆ ಗಾಜಿನಲ್ಲಿ ಹೊಳಪು, ಕಡಿಮೆಯಾದರೆ ಚೌಕಟ್ಟಿನ ನೆರಳು ಚಿತ್ರದ ಮೇಲೆ. ಜಲವರ್ಣಕ್ಕೆ 50 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ) ಸಾಕು, ತೈಲವರ್ಣ 200ರವರೆಗೂ ತಾಳುತ್ತದೆ. ಕಿಟಕಿಯ ಬಿಸಿಲು ಬೀಳುವ ಗೋಡೆಗೆ ಜಲವರ್ಣ ಬೇಡವೇ ಬೇಡ.

ಈ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಕರೆಯುವುದು ರೂಢಿ. ಕರೆದರೆ ಬರೀ ಹೊರುವ ಕೆಲಸ ಹೇಳಬೇಡಿ. ಟೇಪು, ರಸಮಟ್ಟ ಅವರ ಕೈಗೇ ಕೊಡಿ, ಲೆಕ್ಕ ಅವರೇ ಮಾಡಲಿ. ಊಟ, ಆಟೋ ಖರ್ಚು ನಿಮ್ಮದು. ಕ್ಯಾಟಲಾಗಿನಲ್ಲಿ ಅವರ ಹೆಸರೂ ಇರಲಿ.