ಕಾಂಪೌಂಡ್ ಬೋ ಟ್ಯೂನಿಂಗ್: ರೆಸ್ಟ್ ಸ್ಕ್ರೂ ತಿರುಗಿಸೋಕೆ ಮುಂಚೆ ನಾನು ನೋಡೋದು

ನನ್ನ ಕಾಂಪೌಂಡ್ ಬೋಗೆ (ತುದಿಗಳಲ್ಲಿ ಕ್ಯಾಮ್ ಅನ್ನೋ ಚಕ್ರ, ಅವಕ್ಕೆ ಕೇಬಲ್ ಇರೋ ಬಿಲ್ಲು) ಹೊಸ ಡ್ರಾಪ್ ಅವೇ ರೆಸ್ಟ್ ಹಾಕಿದೆ, ಅಂದ್ರೆ ಬಾಣಕ್ಕೆ ಆಸರೆ ಕೊಟ್ಟು, ಬಿಟ್ಟ ತಕ್ಷಣ ಕೆಳಗೆ ಬೀಳೋ ಭಾಗ. ಆಮೇಲೆ ಪೇಪರ್ ಟೆಸ್ಟ್‌ನಲ್ಲಿ (ಕಾಗದದ ಮೂಲಕ ಬಾಣ ಬಿಟ್ಟು ಅದು ಹರಿದ ರೀತಿ ನೋಡೋದು) ಬಾಲ ಮೇಲಕ್ಕೆ ಹರಿಯೋಕೆ ಶುರುವಾಯ್ತು, ಅಂದ್ರೆ ಬಾಣದ ತುದಿ ಮಾಡಿದ ತೂತಿಗಿಂತ ವೇನ್‌ಗಳು (ಬಾಣದ ಬಾಲದ ರೆಕ್ಕೆಗಳು) ಹರಿದ ಜಾಗ ಹೆಚ್ಚುಕಮ್ಮಿ ಒಂದಿಂಚು ಮೇಲೆ. ಯಾರನ್ನ ಕೇಳಿದ್ರೂ ಒಂದೇ ಮಾತು, ರೆಸ್ಟ್ ಸ್ವಲ್ಪ ಎತ್ತಿ ಇಲ್ಲಾ ನಾಕಿಂಗ್ ಪಾಯಿಂಟ್ (ಸ್ಟ್ರಿಂಗ್‌ನಲ್ಲಿ ಬಾಣ ಕೂರೋ ಜಾಗ) ಇಳಿಸಿ. ಲೆಕ್ಕಕ್ಕೆ ಅದು ಸರಿನೇ. ಎತ್ತಿದೆ, ಟೇರ್ (ಕಾಗದ ಹರಿದ ಗುರುತು) ಹಾಗೇ ಇತ್ತು, ಇನ್ನೊಂದು ಚೂರು ಎತ್ತಿದೆ, ಆಗ್ಲೂ ಅಷ್ಟೇ. ರೆಸ್ಟ್ ಇಷ್ಟು ಅಲ್ಲಾಡಿಸಿದ್ರೂ ಟೇರ್ ಅಲ್ಲಾಡ್ತಿಲ್ಲ ಅಂದ್ರೆ ಬಾಣ ಹೋಗುವಾಗ ಎಲ್ಲೋ ಏನೋ ತಾಗ್ತಿದೆ ಅಂತ ನನಗೆ ಅನುಮಾನ ಬಂತು, ಸ್ಕ್ರೂ ಬಿಟ್ಟು ಅದನ್ನ ಹುಡುಕೋಕೆ ಕೂತೆ.

ಮೊದ್ಲು ಎಲ್ಲಾನೂ ಶುರುವಿನ ಅಳತೆಗೆ ವಾಪಸ್ ತಂದೆ. ರೈಸರ್‌ನಲ್ಲಿ (ಬಿಲ್ಲಿನ ಹಿಡಿ ಇರೋ ನಡುಭಾಗ) ರೆಸ್ಟ್ ಕೂರಿಸೋ ಬರ್ಗರ್ ಹೋಲ್ ಇರುತ್ತಲ್ಲ, ಬಾಣ ಅದರ ಮಧ್ಯದ ನೇರಕ್ಕೆ ಹಾಯ್ಬೇಕು, ಬೋ ಸ್ಕ್ವೇರ್ ಅನ್ನೋ ಅಳತೆ ಪಟ್ಟಿ ಇಟ್ಟು ನೋಡಿದ್ರೆ ಸ್ಟ್ರಿಂಗ್‌ಗೆ 90 ಡಿಗ್ರಿ ಇರ್ಬೇಕು, ನಾಕ್ (ಸ್ಟ್ರಿಂಗ್‌ಗೆ ಸಿಕ್ಕಿಸೋ ಬಾಣದ ಹಿಂತುದಿ) ಕಡೆ ಒಂದೆರಡು ಮಿಲಿಮೀಟರ್ ಮೇಲಿದ್ರೂ ಪರವಾಗಿಲ್ಲ. ಸೆಂಟರ್ ಶಾಟ್, ಅಂದ್ರೆ ರೈಸರ್‌ನಿಂದ ಬಾಣದ ನಡುವಿಗೆ ಇರೋ ದೂರ, ತುಂಬಾ ಬಿಲ್ಲುಗಳಲ್ಲಿ 13/16 ಇಂಚು, ಸುಮಾರು 21 ಮಿ.ಮೀ. ನಿಮ್ಮ ಮ್ಯಾನುಯಲ್ ಬೇರೆ ಹೇಳಿದ್ರೆ ಅದನ್ನೇ ಇಟ್ಕೊಳ್ಳಿ.

ಆಮೇಲೆ ಪೌಡರ್. ಕಾಲಿಗೆ ಹೊಡೆಯೋ ಪೌಡರ್ ಸ್ಪ್ರೇ ಸಿಗುತ್ತಲ್ಲ, ಅದನ್ನ ಲಾಂಚರ್ (ರೆಸ್ಟ್‌ನಲ್ಲಿ ಬಾಣ ಹೊರೋ ಕವಲು) ಮೇಲೆ, ಅದರ ಕೆಳಗಿನ ಶೆಲ್ಫ್ (ರೈಸರ್‌ನ ಚಾಚು) ಮೇಲೆ, ಕೇಬಲ್ ಮೇಲೆ, ಬಾಣದ ವೇನ್‌ಗಳ ಮೇಲೆ ಎಲ್ಲಾ ಕಡೆ ಬಿಳಿಯಾಗೋ ಹಾಗೆ ಹೊಡೆದು ಒಂದು ಬಾಣ ಬಿಟ್ಟೆ. ಲಾಂಚರ್‌ನ ಒಂದು ಕೊಂಬಿನ ಮೇಲೆ ಪೌಡರ್ ಒರೆಸಿಹೋಗಿತ್ತು, ಒಂದು ವೇನ್ ಬುಡದಲ್ಲೂ ಅದೇ ಥರ ಗೀರು. ಫೋನ್‌ನಲ್ಲಿ ಸ್ಲೋ ಮೋಷನ್ ತೆಗೆದ್ರೆ ಸಾಕಲ್ವಾ ಅಂತಾರೆ, ಆದ್ರೆ 240 ಫ್ರೇಮ್‌ನಲ್ಲಿ ತೆಗೆದ್ರೂ ಬಾಣ ಮೂರ್ನಾಲ್ಕು ಫ್ರೇಮಲ್ಲೇ ಸ್ಟ್ರಿಂಗ್ ಬಿಟ್ಟು ಹೋಗಿರುತ್ತೆ, ನಾನಂತೂ ಪೌಡರ್‌ನೇ ನಂಬೋದು.

ತಾಗೋದು ಯಾಕೆ? ನಂದು ಕೇಬಲ್‌ನಿಂದ ಓಡೋ ರೆಸ್ಟ್. ಡ್ರಾ ಮಾಡಿದಾಗ, ಅಂದ್ರೆ ಸ್ಟ್ರಿಂಗ್ ಹಿಂದಕ್ಕೆ ಎಳೆದಾಗ, ಕೇಬಲ್ ಕೆಳಗಿಳಿದು ಕಾರ್ಡ್ (ರೆಸ್ಟ್‌ನ ಕೇಬಲ್‌ಗೆ ಜೋಡಿಸೋ ದಾರ) ಎಳೆಯುತ್ತೆ, ಲಾಂಚರ್ ಏಳುತ್ತೆ, ಬಿಟ್ಟಾಗ ಕಾರ್ಡ್ ಸಡಿಲ ಆಗಿ ಸ್ಪ್ರಿಂಗ್ ಅದನ್ನ ಬೀಳಿಸುತ್ತೆ. ಕಾರ್ಡ್ ತುಂಬಾ ಬಿಗಿ ಇದ್ರೆ ಡ್ರಾ ಅರ್ಧಕ್ಕೇ ಲಾಂಚರ್ ಪೂರ್ತಿ ಎದ್ದು ನಿಲ್ಲುತ್ತೆ, ಹಾಗೇ ಬಿಟ್ಟ ಮೇಲೂ ತಡವಾಗಿ ಬೀಳುತ್ತೆ, ಅಷ್ಟರಲ್ಲಿ ವೇನ್ ಬಂದು ಗುದ್ದುತ್ತೆ, ಬಾಲ ಮೇಲಕ್ಕೆ ಹಾರುತ್ತೆ. ತೀರಾ ಸಡಿಲ ಇದ್ರೆ ಉಲ್ಟಾ, ಪೂರ್ತಿ ಏಳೋದೇ ಇಲ್ಲ, ಇಲ್ಲಾ ಬೇಗ ಬಿದ್ದು ಬಾಣಕ್ಕೆ ಆಸರೆನೇ ಸಿಗಲ್ಲ. ಗೆಳೆಯನ್ನ ಪಕ್ಕಕ್ಕೆ ನಿಲ್ಸಿ ಟಾರ್ಗೆಟ್ ಕಡೆಗೇ ಬಾಣ ಹಾಕ್ಕೊಂಡು ನಿಧಾನಕ್ಕೆ ಡ್ರಾ ಮಾಡಿದೆ, ಫುಲ್ ಡ್ರಾಗೆ ಇನ್ನೂ ಮೂರ್ನಾಲ್ಕು ಇಂಚು ಇರುವಾಗ್ಲೇ ಎದ್ದುಬಿಟ್ಟಿದೆ ಅಂದ. ಈ ಥರದ ರೆಸ್ಟ್ ಕೊನೇ ಒಂದಿಂಚಿನ ಆಸುಪಾಸಲ್ಲಿ ಪೂರ್ತಿ ಏಳ್ಬೇಕು. ಲಿಂಬ್‌ಗೆ (ಬಿಲ್ಲಿನ ಬಾಗೋ ತೋಳು) ಕಟ್ಟೋ ರೆಸ್ಟ್ ಇದ್ರೆ ಈ ಲೆಕ್ಕ ಹಾಕೋಕೆ ಹೋಗ್ಬೇಡಿ, ಅದು ಬೇರೆ ಥರ ಕೆಲಸ ಮಾಡುತ್ತೆ, ಡ್ರಾ ಶುರುವಲ್ಲೇ ಏಳೋದು ಸಹಜ.

ಕಾರ್ಡ್ ಸಡಿಲ ಮಾಡಿ ಅದೇ ಪೌಡರ್ ಟೆಸ್ಟ್ ಮತ್ತೆ ಮಾಡಿದೆ, ಗೀರು ಇಲ್ಲ, ಟೇರ್ ಒಂದಿಂಚಿಂದ ಕಾಲಿಂಚಿಗೆ ಬಂತು. ಈಗ ರೆಸ್ಟ್ ಚೂರೇ ಚೂರು ಎತ್ತಿದ್ರೆ ಟೇರ್ ಕೂಡ ಅದರ ಮಾತು ಕೇಳ್ತು. ಕಾರ್ಡ್ ಹಿಡಿಯೋ ಪುಟ್ಟ ಕ್ಲಾಂಪ್ ಕೇಬಲ್ ಮೇಲೆ ಜಾರೋ ಚಾಳಿ ಇದೆ, ಹಾಗಾಗಿ ಟೈಮಿಂಗ್ ಸರಿಹೋದ ಮೇಲೆ ಬಿಲ್ಲನ್ನ ಪ್ರೆಸ್‌ಗೆ (ಲಿಂಬ್ ಒತ್ತಿ ಕೇಬಲ್ ಸಡಿಲ ಮಾಡೋ ಸಾಧನ) ಹಾಕಿ ಕಾರ್ಡನ್ನ ಕೇಬಲ್ ಎಳೆಗಳ ಮಧ್ಯೆ ತೂರಿಸಿ ಸರ್ವಿಂಗ್ ದಾರ ಸುತ್ತಿದೆ. ಇನ್ನೊಂದು ವಿಷ್ಯ, ಲಾಂಚರ್ ಬೇಗ ಬಿದ್ರೂ ಶೆಲ್ಫ್‌ಗೆ ಬಡಿದು ಪುಟಿದು ಮತ್ತೆ ಮೇಲೆ ಬಂದು ವೇನ್‌ಗೆ ತಾಗೋದುಂಟು, ಬೀಳೋ ಜಾಗಕ್ಕೆ ದಪ್ಪ ಫೆಲ್ಟ್ ಅಂಟಿಸಿದ್ರೆ ಸದ್ದೂ ಕಮ್ಮಿ, ಪುಟಿಯೋದೂ ಕಮ್ಮಿ.

ಇಷ್ಟಾದ್ರೂ ಬಾಲ ಮೇಲೆ ಕೆಳಗೆ ಆಗ್ತಾನೇ ಇದ್ರೆ ನಾನು ಎರಡು ಕಡೆ ನೋಡ್ತೀನಿ. ಒಂದು ಡಿ ಲೂಪ್ (ಸ್ಟ್ರಿಂಗ್ ಎಳೆಯೋಕೆ ನಾಕ್ ಹತ್ತಿರ ಕಟ್ಟಿದ ಪುಟ್ಟ ಕುಣಿಕೆ), ಅದರ ಗಂಟುಗಳು ನಾಕ್‌ಗೆ ತೀರಾ ಒತ್ತಿಕೊಂಡಿದ್ರೆ ಫುಲ್ ಡ್ರಾದಲ್ಲಿ ಸ್ಟ್ರಿಂಗ್ ಮಡಚಿ ನಾಕ್ ಹಿಂಡುತ್ತೆ, ಬಾಣ ಲಾಂಚರ್‌ನಿಂದ ಎದ್ದು ಕೂರೋದು ಕಣ್ಣಿಗೇ ಕಾಣುತ್ತೆ. ಇನ್ನೊಂದು ಕ್ಯಾಮ್ ಟೈಮಿಂಗ್. ಎರಡು ಕ್ಯಾಮ್ ಇರೋ ಬಿಲ್ಲಲ್ಲಿ ಮೇಲಿನ ಸ್ಟಾಪ್ ಕೆಳಗಿನ ಸ್ಟಾಪ್ (ಡ್ರಾ ಕೊನೇಲಿ ಕ್ಯಾಮ್ ತಡೆಯೋ ಗೂಟಗಳು) ಸಾಮಾನ್ಯವಾಗಿ ಒಟ್ಟಿಗೇ ತಾಗ್ಬೇಕು, ಒಂದು ಹಿಂದೆ ಬಿದ್ರೆ ನಾಕ್ ನೇರ ಗೆರೆಯಲ್ಲಿ ಬರಲ್ಲ, ರೆಸ್ಟ್ ಎಷ್ಟು ತಿರುವಿದ್ರೂ ವೇಸ್ಟ್, ಕೇಬಲ್‌ಗೆ ಅರ್ಧರ್ಧ ಟ್ವಿಸ್ಟ್ ಕೊಟ್ಟೇ ಸರಿ ಮಾಡ್ಬೇಕು, ಅದೂ ಪ್ರೆಸ್ ಮೇಲೇ.

ಎಡ ಬಲ ಟೇರ್ ಮಾತ್ರ ಬೇರೆನೇ ತಲೆನೋವು, ಯಾಕಂದ್ರೆ ಅದರಲ್ಲಿ ಅರ್ಧ ಪಾಲು ನಮ್ಮ ಕೈದೇ. ಹಿಡಿ ಬಿಗಿಯಾಗಿ ಹಿಡಿದು ಚೂರು ತಿರುಚಿದ್ರೂ ಸಾಕು ಬಾಲ ಪಕ್ಕಕ್ಕೆ ಹೋಗುತ್ತೆ. ನಾನು ಒಂದೇ ಪೇಪರ್ ನೋಡಿ ತೀರ್ಮಾನ ಮಾಡಲ್ಲ, ಸುಮಾರು ಎರಡು ಮೀಟರ್ ದೂರದಿಂದ ಬೇರೆ ಬೇರೆ ಬಾಣಗಳಲ್ಲಿ ಹೊಡೆದು ಟೇರ್ ಪ್ರತಿ ಸಲ ಒಂದೇ ಥರ ಇದ್ರೆ ಮಾತ್ರ ಬಿಲ್ಲಿನ ಮೇಲೆ ಕೈ ಹಾಕ್ತೀನಿ. ಒಂದ್ಸಲ ಎಡ ಒಂದ್ಸಲ ಬಲ ಬಂದ್ರೆ ಅವತ್ತು ಗ್ರಿಪ್ ಪ್ರಾಕ್ಟೀಸ್ ಅಷ್ಟೇ. ಒಂದೇ ಒಂದು ಬಾಣ ಮಾತ್ರ ಕೆಟ್ಟದಾಗಿ ಹರಿದ್ರೆ ಅದರ ನಾಕ್ ತಿರುಗಿಸಿ ನೋಡಿ, ಕಾರ್ಬನ್ ಬಾಣ ಆದ್ರೆ ಬಗ್ಗಿಸಿ ಬಿರುಕಿದೆಯಾ ಅಂತಾನೂ ನೋಡಿ, ಬಿರುಕಿದ್ರೆ ಮುರಿದು ಬಿಸಾಕಿ.

ಸೆಂಟರ್ ಶಾಟ್ ಕಣ್ಣಿಗೇ ಸೊಟ್ಟ ಕಾಣೋವರೆಗೂ ರೆಸ್ಟ್ ಸರಿಸಬೇಕಾಗಿ ಬಂದ್ರೆ ನಾನು ಅಲ್ಲಿಗೇ ನಿಲ್ಲಿಸ್ತೀನಿ. ಆಗ ಯೋಕ್ (ಕೇಬಲ್‌ನ ಕವಲೊಡೆದ ತುದಿ) ಟ್ವಿಸ್ಟ್ ಇಲ್ಲಾ ಕ್ಯಾಮ್ ಶಿಮ್ (ಕ್ಯಾಮ್ ಪಕ್ಕಕ್ಕೆ ಸರಿಸೋ ತೆಳು ಬಿಲ್ಲೆ) ನೋಡ್ಬೇಕು, ಇಲ್ಲಾ ಬಾಣದ ಸ್ಪೈನ್, ಅಂದ್ರೆ ಅದು ಎಷ್ಟು ಬಾಗುತ್ತೆ ಅನ್ನೋ ಅಳತೆ. ಸ್ಪೈನ್ ನಂಬರ್ ಜಾಸ್ತಿ ಆದಷ್ಟೂ ಬಾಣ ಮೆತ್ತಗೆ, 400 ಅಂದ್ರೆ 28 ಇಂಚು ಅಂತರದ ಆಸರೆ ಮೇಲಿಟ್ಟು ಮಧ್ಯದಲ್ಲಿ 880 ಗ್ರಾಂ ತೂಗುಹಾಕಿದ್ರೆ 0.400 ಇಂಚು ಬಾಗುತ್ತೆ ಅಂತ. ತುದಿಗೆ ಭಾರ ಹಾಕಿದ್ರೆ ಇನ್ನೂ ಮೆತ್ತಗಿನ ಥರ ಆಡುತ್ತೆ, ಬಾಣ ಕತ್ತರಿಸಿ ಗಿಡ್ಡ ಮಾಡಿದ್ರೆ ಗಟ್ಟಿ.

ಪೇಪರಲ್ಲಿ ಗುಂಡಗಿನ ತೂತು ಬಂತು ಅಂತ ಅಲ್ಲಿಗೇ ಬಿಡಲ್ಲ, 18 ಮೀಟರ್‌ಗೆ ಹೋಗಿ ವೇನ್ ಇಲ್ಲದ ಬಾಣ ಒಂದನ್ನ ವೇನ್ ಇರೋವುಗಳ ಜೊತೆ ಹೊಡೀತೀನಿ, ಗುಂಪಲ್ಲೇ ಬಂದು ಕೂತ್ರೆ ನನಗೆ ಸಮಾಧಾನ. ಅದಾದ ಮೇಲೇನೇ ಸ್ಕ್ರೂಗಳಿಗೆ ನೀಲಿ ಥ್ರೆಡ್ ಲಾಕರ್, ರೆಸ್ಟ್ ಮತ್ತೆ ರೈಸರ್ ಎರಡರ ಮೇಲೂ ಹಾಯೋ ಹಾಗೆ ಸಿಲ್ವರ್ ಪೆನ್ನಲ್ಲಿ ಗೆರೆ, ಕಾರ್ಡ್ ಕಟ್ಟಿದ ಜಾಗದಲ್ಲೂ ಒಂದು ಗೆರೆ. ಮುಂದೆ ಯಾವಾಗಾದ್ರೂ ಗ್ರೂಪ್ ಕೆಟ್ರೆ ಮೊದ್ಲು ಆ ಗೆರೆಗಳನ್ನ ನೋಡಿ ಆಮೇಲೆ ಅಲೆನ್ ಕೀ ತೆಗೀರಿ. ಸೈಟ್ ಕೂಡ ಕೊನೇಗೇ ಸೆಟ್ ಮಾಡಿ, ರೆಸ್ಟ್ ಒಂದು ಮಿಲಿಮೀಟರ್ ಸರಿದ್ರೂ ಹಳೇ ಸೈಟ್ ಮಾರ್ಕ್ ಯಾವುದೂ ಉಪಯೋಗಕ್ಕೆ ಬರಲ್ಲ.