ಮೂವತ್ತಾರು ಭೇಟಿಯ ಪ್ಯಾಕೇಜಿಗೆ ಸಹಿ ಹಾಕುವ ಮುನ್ನ

ಏಪ್ರಿಲ್ ಬಂದರೆ ಡಲ್ಲಾಸ್ ಸುತ್ತಮುತ್ತ ನಮ್ಮವರ ಕ್ರಿಕೆಟ್ ಲೀಗುಗಳು ಶುರು. ಚಳಿಗಾಲವಿಡೀ ಕುರ್ಚಿಗೆ ಅಂಟಿಕೊಂಡಿದ್ದ ಸೊಂಟವನ್ನು ಮೊದಲ ಶನಿವಾರವೇ ಎಂಟು ಓವರ್ ದುಡಿಸುತ್ತೇವೆ. ಸೋಮವಾರ ಕಾರಿನಿಂದ ಇಳಿಯಲು ಬಾಗಿಲು ಹಿಡಿದುಕೊಳ್ಳಬೇಕು. ಈ ವರ್ಷ ತಂಡಕ್ಕೆ ಸೇರಿದ ಮೈಸೂರಿನ ಹುಡುಗನೊಬ್ಬ, "ಇನ್ನು ಪೆಟ್ಟೇ ಆಗದ ಹಾಗೆ ಕೈರೋಪ್ರಾಕ್ಟರ್ ನೋಡಿಕೊಳ್ಳುತ್ತಾರಂತೆ ಸಾರ್" ಎಂದು ಭೇಟಿಗಳ ಪ್ಯಾಕೇಜಿನ ಕಾಗದವೊಂದನ್ನು ತೋರಿಸಿದ. ಆರು ವರ್ಷದ ಹಿಂದೆ ಅಂಥದೇ ಕಾಗದಕ್ಕೆ ನಾನೂ ಸಹಿ ಹಾಕಿದ್ದೆ.

ಕೈರೋಪ್ರಾಕ್ಟರ್ ಎಂದರೆ ಬೆನ್ನೆಲುಬನ್ನು ಕೈಯಿಂದ ಒತ್ತಿ, ತಿರುವಿ ಚಿಕಿತ್ಸೆ ಕೊಡುವವರು. ಬಾಗಿಲ ಮೇಲೆ 'ಡಾಕ್ಟರ್' ಎಂದಿದ್ದರೂ ಇವರದು ವೈದ್ಯರ ಎಂ.ಡಿ. ಅಲ್ಲ, ಡಿ.ಸಿ. (ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್) ಪದವಿ. 1895ರಲ್ಲಿ ಅಯೋವಾದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಹುಟ್ಟುಹಾಕಿದ ಪದ್ಧತಿ. ರಾಜ್ಯ ಮಂಡಳಿಯ ಪರವಾನಗಿ ಕಡ್ಡಾಯ. ಅದನ್ನು ಮಂಡಳಿಯ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಈ ವಿಷಯದಲ್ಲಿ ಅಮೆರಿಕವೇ ಮೇಲು. ನಮ್ಮೂರ ಕ್ಷೌರದಂಗಡಿಯಲ್ಲಿ ಕತ್ತಿನ ಲಟಿಕೆ ತೆಗೆಯುವವನ ಪರವಾನಗಿ ಯಾರು ಕೇಳಿದ್ದಾರೆ? ಸೊಂಟ ಹಿಡಿದುಕೊಂಡಾಗ ಇವರ ಕೈಚಳಕ ಉಪಯೋಗಕ್ಕೂ ಬರುತ್ತದೆ: ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನ 2017ರ ಮಾರ್ಗಸೂಚಿಯಲ್ಲಿ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಯತ್ನಿಸಬಹುದಾದ ಉಪಾಯಗಳ ಸಾಲಿನಲ್ಲಿ ಬೆನ್ನೆಲುಬಿನ ಮ್ಯಾನಿಪ್ಯುಲೇಷನ್, ಅಂದರೆ ಇದೇ ಒತ್ತಿ ತಿರುವುವುದು, ಸೇರಿದೆ. ಆದರೆ ನೋವೇ ಇಲ್ಲದ ಬೆನ್ನನ್ನು ವಾರಕ್ಕೆರಡು ಸಲ ಲಟಲಟ ಎನ್ನಿಸಿದರೆ ಮುಂದಿನ ಪೆಟ್ಟು ತಪ್ಪುತ್ತದೆ ಎನ್ನಲು ಅಂಥ ಗಟ್ಟಿ ಆಧಾರವಿಲ್ಲ.

ನಾನು ಹೋಗಿದ್ದು ಉಚಿತ ತಪಾಸಣೆಯ ಕೂಪನ್ ಹಿಡಿದು. ಎಕ್ಸ್‌ರೇ ತೆಗೆದರು, ಪರದೆಯ ಮೇಲೆ ಕೆಂಪು ಗೆರೆ ಎಳೆದು ಬೆನ್ನೆಲುಬು ಓರೆಯಾಗಿದೆ ಎಂದರು. (ನೇರ ಗೆರೆ ಎಳೆದು ನೋಡಿದರೆ ಯಾರ ಬೆನ್ನು ತಾನೇ ಓರೆಯಲ್ಲ?) 36 ಭೇಟಿ, ಭೇಟಿಗೆ 60ರಂತೆ 2,160 ಡಾಲರ್ ಮುಂಗಡ. "ನಿಮ್ಮ ವಿಮೆ ತೆಗೆದುಕೊಳ್ಳುತ್ತೇವೆ" ಎಂದದ್ದನ್ನು ನಂಬಿ, ಹಣ ಹೇಗೂ ಹಿಂದಕ್ಕೆ ಬರುತ್ತದೆ ಎಂದು ಕಾರ್ಡ್ ಉಜ್ಜಿದೆ. ಹನ್ನೊಂದು ಭೇಟಿ ಮುಗಿಯುವ ಹೊತ್ತಿಗೆ ವಿಮೆಯವರ ಕಾಗದ ಬಂತು: ತಿರಸ್ಕೃತ, ಕಾರಣ 'ಮೇಂಟೆನೆನ್ಸ್ ಕೇರ್'.

ಆ ಎರಡು ಪದಗಳನ್ನು ನೆನಪಿಡಿ. ನೋವಿದೆ, ಚಿಕಿತ್ಸೆಯಿಂದ ಕಡಿಮೆಯಾಗುತ್ತಿದೆ ಎನ್ನುವವರೆಗೆ ವಿಮೆ ಹಣ ಕೊಡುತ್ತದೆ. ನೋವು ಹೋಗಿ, ಮತ್ತೆ ಬಾರದಿರಲಿ ಎಂದು ಹೋದ ದಿನದಿಂದ ಅದು ಮೇಂಟೆನೆನ್ಸ್. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಅದಕ್ಕೆ ಬಿಡಿಗಾಸು ಕೊಡುವುದಿಲ್ಲ, ಹೆಚ್ಚಿನ ಖಾಸಗಿ ವಿಮೆಗಳೂ ಅಷ್ಟೆ. ಪೆಟ್ಟಾಗದಂತೆ ತಡೆಯುವುದೇ ಪ್ಯಾಕೇಜಿನ ಆಕರ್ಷಣೆ, ವಿಮೆ ಕೈಬಿಡುವುದೂ ಅದೇ ಕಾರಣಕ್ಕೆ. ಉಳಿದ ಹಣ ಕೇಳಲು ಹೋದರೆ ಒಪ್ಪಂದದ ಸಣ್ಣಕ್ಷರ ತೋರಿಸಿದರು: ಮಧ್ಯದಲ್ಲಿ ಬಿಟ್ಟರೆ ರಿಯಾಯಿತಿ ರದ್ದು, ಮುಗಿದ ಭೇಟಿಗಳಿಗೆ ಪೂರ್ಣ ದರ. ಹನ್ನೊಂದಕ್ಕೆ 120ರಂತೆ 1,320 ಮುರಿದುಕೊಂಡು 840 ಕೈಗಿತ್ತರು. ಬೆಂಗಳೂರಿನ ಫಿಸಿಯೋಥೆರಪಿಸ್ಟ್ ಬಳಿ ದರ ಕೇಳಿ, ಕೊಟ್ಟು, ಬೇಡವೆನಿಸಿದರೆ ಮರುದಿನ ಹೋಗದಿದ್ದರೆ ಆಯಿತು. ಅಲ್ಲಿಯದೇ ಲೇಸು ಎಂದು ಆ ದಿನ ಜೋರಾಗಿಯೇ ಹೇಳಿದೆ, ಕೌಂಟರಿನವರಿಗೆ ಕನ್ನಡ ಅರ್ಥವಾಗಲಿಲ್ಲ.

ಹೋಗಲೇಬೇಕಿದ್ದರೆ ಭೇಟಿಗೆ ಇಷ್ಟು ಎಂದು ಆಗಾಗಲೇ ಕೊಡಿ. 'ವಿಮೆ ತೆಗೆದುಕೊಳ್ಳುತ್ತೇವೆ' ಎಂದರೆ 'ಇನ್-ನೆಟ್‌ವರ್ಕ್' (ವಿಮೆ ಕಂಪನಿಯೊಂದಿಗೆ ದರದ ಒಪ್ಪಂದ ಇರುವವರು) ಎಂದಲ್ಲ. 98940, 98941 ಎಂಬ ಕೋಡ್ (ಬೆನ್ನೆಲುಬಿನ ಮ್ಯಾನಿಪ್ಯುಲೇಷನ್‌ನ ಬಿಲ್ಲಿಂಗ್ ಸಂಖ್ಯೆಗಳು) ಹೇಳಿ ವಿಮೆಯವರನ್ನೇ ಕೇಳಿ: ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮುನ್ನ ನಾವೇ ಭರಿಸಬೇಕಾದ ಮೊತ್ತ) ಅನ್ವಯಿಸುತ್ತದೆಯೇ, ವರ್ಷಕ್ಕೆ ಎಷ್ಟು ಭೇಟಿ? ವಿಮೆಯಿಲ್ಲದೆ ಕೈಯಿಂದ ಕೊಡುವವರು 2022ರ ಜನವರಿಯಿಂದ ಲಿಖಿತ 'ಗುಡ್ ಫೇತ್ ಎಸ್ಟಿಮೇಟ್' (ಮುಂಚಿತವಾಗಿ ಕೊಡುವ ಖರ್ಚಿನ ಅಂದಾಜು) ಪಡೆಯುವ ಹಕ್ಕುಳ್ಳವರು. ಬಿಲ್ ಅದನ್ನು 400 ಡಾಲರ್ ಅಥವಾ ಹೆಚ್ಚು ಮೀರಿದರೆ ತಕರಾರು ಸಲ್ಲಿಸಬಹುದು.

ಪೆಟ್ಟು ತಡೆಯುವುದೇ ಉದ್ದೇಶವಾದರೆ ಒಬ್ಬ ಫಿಸಿಕಲ್ ಥೆರಪಿಸ್ಟ್ ಬಳಿ ಎರಡು ಸಲ ಹೋಗಿ ವ್ಯಾಯಾಮ ಕಲಿತು ಬನ್ನಿ. ವೈದ್ಯರ ಚೀಟಿಯಿಲ್ಲದೆ ನೇರವಾಗಿ ಅವರನ್ನು ಕಾಣಲು ಐವತ್ತೂ ರಾಜ್ಯಗಳಲ್ಲಿ ಒಂದಲ್ಲ ಒಂದು ಬಗೆಯ ಅವಕಾಶವಿದೆ. ಆ ಹುಡುಗ ಸದ್ಯ ಸಹಿ ಹಾಕಿರಲಿಲ್ಲ. ಮೊದಲ ಪಂದ್ಯಕ್ಕೆ ಮೂರೇ ಓವರ್, ವಾರಕ್ಕೊಂದು ಹೆಚ್ಚಿಸು ಎಂದೆ. ಮುಖ ಸಪ್ಪಗೆ ಮಾಡಿಕೊಂಡ.

ಮಕ್ಕಳ ವಿಷಯದಲ್ಲಿ ಮಾತ್ರ ಹಟ ಹಿಡಿಯುತ್ತೇನೆ. ಹದಿಹರೆಯದ ವೇಗದ ಬೌಲರ್‌ಗೆ ಎಸೆಯುವ ಕೈಯ ವಿರುದ್ಧ ಬದಿಯ ಸೊಂಟ ನೋಯುತ್ತಿದ್ದರೆ ಅದು ಬೆನ್ನುಮೂಳೆಯ ಸ್ಟ್ರೆಸ್ ಫ್ರಾಕ್ಚರ್ (ಪದೇಪದೇ ಬೀಳುವ ಒತ್ತಡದಿಂದ ಮೂಡುವ ಸಣ್ಣ ಬಿರುಕು) ಇರಬಹುದು. ಅಂಥ ಮಗುವನ್ನು ಲಟಿಕೆ ತೆಗೆಸಲು ಒಯ್ಯಬೇಡಿ, ಕ್ರೀಡಾ ವೈದ್ಯರಿಗೆ ತೋರಿಸಿ. ಅವರು ಎಂಆರ್‌ಐ ನೋಡಿ ಒಪ್ಪುವವರೆಗೆ ಚೆಂಡು ಅಪ್ಪನ ಚೀಲದಲ್ಲೇ ಇರಲಿ.