ಮಗನ ಕಾರ್ಡ್‌ನಿಂದ ಶುರುವಾದ ಕೆಲಸ

ನನ್ನ ಮಗನಿಗೆ ಆಟಿಸಂ. ಅವನ ಯುಡಿಐಡಿ ಕಾರ್ಡ್‌ಗೆ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೆ, ಹಾಕಿದ ಅರ್ಜಿ ಎರಡು ಸಲ ವಾಪಸ್ ಬಂತು. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಸ್ಪತ್ರೆ ಚೀಟಿಯಲ್ಲಿ ಹಿಂದೆ, ಅಷ್ಟೇ ವ್ಯತ್ಯಾಸ! ಮೊದಲು ಆಧಾರ್ ಸರಿ ಮಾಡಿಸಿ ಆಮೇಲೆ ಅರ್ಜಿ ಹಾಕಿದೆ, ಕೆಲಸ ಆಯ್ತು.

ಥೆರಪಿ ಸೆಂಟರ್ ಬೆಂಚಿನ ಮೇಲೆ ಕಾಯುತ್ತಿದ್ದ ಬೇರೆ ಅಮ್ಮಂದಿರದ್ದೂ ಇದೇ ಗೋಳು. ಅವರದ್ದೂ ತುಂಬಿಕೊಟ್ಟೆ, ದುಡ್ಡು ಕೇಳಲಿಲ್ಲ. ಆದರೆ ಜೆರಾಕ್ಸ್, ಬಸ್ ಚಾರ್ಜ್ ಎಲ್ಲಾ ನನ್ನ ಕೈಯಿಂದಲೇ ಹೋಗುತ್ತಿತ್ತು, ಹೀಗಾದರೆ ಜಾಸ್ತಿ ದಿನ ನಡೆಯಲ್ಲ ಅನ್ನಿಸಿತು. ಅದಕ್ಕೇ ಒಂದು ಅರ್ಜಿಗೆ 150 ರೂಪಾಯಿ ಅಂತ ಮನೆ ಬಾಗಿಲಿಗೆ ಬೋರ್ಡ್ ಹಾಕಿದೆ.

ಮೊದಲ ತಿಂಗಳು ಬಂದವರು ಇಬ್ಬರೇ. ತುಂಬಾ ಬೇಜಾರಾಯ್ತು, ಆದರೆ ಬಿಡಲಿಲ್ಲ.

ದಾರಿ ತೋರಿಸಿದ್ದು ಒಂದು 200 ಪುಟದ ನೋಟ್‌ಬುಕ್. ಆಟಿಸಂನಂಥ ತೊಂದರೆ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಕೊಡುವ ನಿರಾಮಯ ಆರೋಗ್ಯ ವಿಮೆ ಇದೆಯಲ್ವಾ, 1 ಲಕ್ಷ ರೂಪಾಯಿವರೆಗೆ ಸಿಗುತ್ತೆ, ಥೆರಪಿ ಖರ್ಚಿಗೂ ಒಂದು ಪಾಲು ಬರುತ್ತೆ, ಆದರೆ ಪ್ರತಿ ವರ್ಷ ರಿನ್ಯೂ ಮಾಡಿಸಬೇಕು. ಮಕ್ಕಳ ಓಡಾಟದಲ್ಲಿ ಎಷ್ಟೋ ಜನ ಮರೆತೇಬಿಡುತ್ತಾರೆ. ಎಲ್ಲರ ತಾರೀಖು ಬರೆದಿಟ್ಟು ತಿಂಗಳು ಮೊದಲೇ ನಾನೇ ಫೋನ್ ಮಾಡತೊಡಗಿದೆ. ಅವರು ವಾಪಸ್ ಬಂದರು, ಪಕ್ಕದ ಮನೆಯವರನ್ನೂ ಕರೆತಂದರು. ಈಗ ತಿಂಗಳಿಗೆ 30 ಅರ್ಜಿ ದಾಟುತ್ತೆ. ಕಾಗದದ ಅಂಚು ಸರಿಯಾಗಿ ಜೋಡಿಸಿ ಪಿನ್ ಹೊಡೆಯುವುದು ಮಗನ ಕೆಲಸ, ಒಂದು ಕೂದಲೆಳೆಯಷ್ಟೂ ಆಚೀಚೆ ಆಗಲ್ಲ.